ಗದ್ದಲದ ಆಕಾಶವನ್ನು ತಿಳಿಗೊಳಿಸಿದ ಮೇಜರ್ ಆರ್ಮ್‌ಸ್ಟ್ರಾಂಗ್

ಮಹಾನಗರಗಳ ಬೀದಿಗಳಂತೆಯೇ ಅವುಗಳ ಮೇಲಿನ ಆಕಾಶವೂ ಕಿಕ್ಕಿರಿದಿದೆ. ದೊಡ್ಡ ಬಾನುಲಿ ಕೇಂದ್ರಗಳು, ಮೊಬೈಲ್ ಗೋಪುರಗಳು, ಪೊಲೀಸರ ವೈರ್‌ಲೆಸ್, ವಿಮಾನ ನಿಲ್ದಾಣದ ಸಂಕೇತಗಳು ಎಲ್ಲವೂ ಒಂದೇ ಗಾಳಿಯಲ್ಲಿ ಸಂಚರಿಸುತ್ತವೆ. ಈ ಸಂದಣಿಯ ನಡುವೆಯೂ ನೂರು ವ್ಯಾಟ್‌ಗೂ ಮೀರದ ಶಕ್ತಿಯ ಪುಟ್ಟ ಸಮುದಾಯ ಬಾನುಲಿಯೊಂದು ತನ್ನ ಬಡಾವಣೆಯ ಜನರನ್ನು ಸ್ಪಷ್ಟವಾಗಿ ತಲುಪಬಲ್ಲದು. ಇದನ್ನು ಸಾಧ್ಯವಾಗಿಸಿದ್ದು ಎಫ್‌ಎಂ ಎಂಬ ಎರಡಕ್ಷರದ ತಂತ್ರ. ಅದನ್ನು ಲೋಕಕ್ಕೆ ಕೊಟ್ಟವರು ಅಮೆರಿಕದ ಎಡ್ವಿನ್ ಹೊವರ್ಡ್ ಆರ್ಮ್‌ಸ್ಟ್ರಾಂಗ್. ಗಾಳಿಯಲ್ಲಿನ ಅಡಚಣೆಯನ್ನು ಗೆದ್ದ ಈ ವಿಜ್ಞಾನಿ ನೆಲದ ಮೇಲಿನ ಅಡಚಣೆಗಳ ಎದುರು ಸೋತುಹೋದದ್ದು ಬಾನುಲಿಯ ಇತಿಹಾಸದ ಅತ್ಯಂತ ದಾರುಣ ಅಧ್ಯಾಯ.

ಹಡ್ಸನ್ ದಂಡೆಯ ಹುಡುಗ

ಆರ್ಮ್‌ಸ್ಟ್ರಾಂಗ್ ಜನಿಸಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಜಾನ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದ ಅಮೆರಿಕ ಶಾಖೆಯ ಉದ್ಯೋಗಿ. ತಾಯಿ ಎಮಿಲಿ ಶಾಲಾ ಶಿಕ್ಷಕಿಯಾಗಿದ್ದವರು. ಬಾಲ್ಯದಲ್ಲಿ ಕಾಡಿದ ನರಸಂಬಂಧಿ ಕಾಯಿಲೆಯಿಂದ ಆತ ಎರಡು ವರ್ಷ ಶಾಲೆಯಿಂದ ದೂರ ಉಳಿಯಬೇಕಾಯಿತು. ಆ ಕಾಯಿಲೆ ಬಿಟ್ಟುಹೋದ ಕತ್ತು ಮತ್ತು ಭುಜದ ಅದುರು ಜೀವನದುದ್ದಕ್ಕೂ ಅವರ ಜೊತೆಗಿತ್ತು. ಮಗನ ಆರೋಗ್ಯ ಸುಧಾರಿಸಲೆಂದು ಕುಟುಂಬವು ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಪಟ್ಟಣಕ್ಕೆ ವಾಸ ಬದಲಿಸಿತು.

ಆ ಮನೆಯ ಅಟ್ಟವೇ ಹುಡುಗನ ಪ್ರಯೋಗಶಾಲೆಯಾಯಿತು. ಮಾರ್ಕೋನಿಯ ಸಾಹಸಗಳನ್ನು ಓದಿ ಬೆಳೆದ ಆತ ಅಂಗಳದಲ್ಲಿ ನೂರಿಪ್ಪತ್ತೈದು ಅಡಿ ಎತ್ತರದ ಆಂಟೆನಾ ಕಂಬವನ್ನು ತನ್ನ ಕೈಯಿಂದಲೇ ನಿಲ್ಲಿಸಿದ. ಎತ್ತರವೆಂದರೆ ಆತನಿಗೆ ಭಯವಿರಲಿಲ್ಲ. ಬದಲಿಗೆ ಒಂದು ಬಗೆಯ ಮೋಹವಿತ್ತು.

1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಆರ್ಮ್‌ಸ್ಟ್ರಾಂಗ್ ಯಾಂಕರ್ಸ್‌ನಿಂದ ಮೋಟಾರ್ ಸೈಕಲ್ ಏರಿ ತರಗತಿಗೆ ಬರುತ್ತಿದ್ದರು. ಅಲ್ಲಿ ಖ್ಯಾತ ಭೌತವಿಜ್ಞಾನಿ ಮೈಕೇಲ್ ಪ್ಯೂಪಿನ್ ಅವರಿಗೆ ಗುರುವಾಗಿ ದೊರೆತರು. 1912ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ನಿರ್ವಾತ ನಳಿಕೆಯಿಂದ ಹೊರಬಂದ ಸಂಕೇತದ ಒಂದಂಶವನ್ನು ಮರಳಿ ಅದೇ ನಳಿಕೆಗೆ ಉಣಿಸಿದರೆ ಕ್ಷೀಣ ಸಂಕೇತವು ನೂರಾರು ಪಟ್ಟು ವರ್ಧಿಸುತ್ತದೆಂಬುದನ್ನು ಅವರು ಕಂಡುಕೊಂಡರು. ಕಿವಿಗೆ ಹೆಡ್‌ಫೋನ್ ಹಚ್ಚಿ ಕಷ್ಟಪಟ್ಟು ಕೇಳಬೇಕಾಗಿದ್ದ ದೂರದ ಸಂಕೇತಗಳು ಕೋಣೆಯೊಳಗೆ ಗಟ್ಟಿಯಾಗಿ ಕೇಳತೊಡಗಿದವು.

1914ರ ಜನವರಿಯ ಕೊನೆಯಲ್ಲಿ, ಕೊರೆಯುವ ಚಳಿಯ ರಾತ್ರಿಯೊಂದರಲ್ಲಿ, ನ್ಯೂಜೆರ್ಸಿಯ ಬೆಲ್ಮಾರ್‌ನಲ್ಲಿದ್ದ ಮಾರ್ಕೋನಿ ಕಂಪನಿಯ ಕೇಂದ್ರದಲ್ಲಿ ಈ ಗ್ರಾಹಕದ ಪರೀಕ್ಷೆ ನಡೆಯಿತು. ಕಂಪನಿಯ ಪರವಾಗಿ ಜೊತೆಗಿದ್ದವರು ಡೇವಿಡ್ ಸಾರ್ನಾಫ್ ಎಂಬ ತರುಣ. ಸಾಗರದಾಚೆಯ ಸಂಕೇತಗಳನ್ನು ಇಬ್ಬರೂ ಬೆರಗಿನಿಂದ ಆಲಿಸಿದರು. ಅಂದು ಮೂಡಿದ ಸ್ನೇಹವೇ ಮುಂದೆ ಆರ್ಮ್‌ಸ್ಟ್ರಾಂಗ್ ಅವರ ಬದುಕಿನ ಏಳು ಬೀಳುಗಳೆರಡಕ್ಕೂ ಕಾರಣವಾಗಲಿತ್ತು.

ಕೀರ್ತಿ, ಸಿರಿ ಮತ್ತು ನ್ಯಾಯಾಲಯ

ಮೊದಲ ಮಹಾಯುದ್ಧದಲ್ಲಿ ಸೇನೆಯ ಸಂಪರ್ಕ ವಿಭಾಗದ ಅಧಿಕಾರಿಯಾಗಿ ಪ್ಯಾರಿಸ್‌ಗೆ ತೆರಳಿದ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಸೂಪರ್ ಹೆಟೆರೊಡೈನ್ ಗ್ರಾಹಕವನ್ನು ರೂಪಿಸಿದರು. ಹಲವು ದಶಕಗಳ ಕಾಲ ಮನೆಮನೆಯ ರೇಡಿಯೋ ಮತ್ತು ಟಿವಿಗಳು ಈ ತತ್ತ್ವದ ಮೇಲೆಯೇ ಕೆಲಸ ಮಾಡಿದವು. ಯುದ್ಧದಿಂದ ಮರಳುವಾಗ ಅವರು ಮೇಜರ್ ಆಗಿದ್ದರು. ಆ ಹೆಸರು ಕೊನೆಯವರೆಗೂ ಅವರಿಗೆ ಅಂಟಿಕೊಂಡಿತು. 1922ರಲ್ಲಿ ಮತ್ತೊಂದು ಆವಿಷ್ಕಾರದ ಹಕ್ಕನ್ನು ಆರ್‌ಸಿಎ ಕಂಪನಿಗೆ ಮಾರಿದಾಗ 2 ಲಕ್ಷ ಡಾಲರ್ ನಗದು ಮತ್ತು 60 ಸಾವಿರ ಷೇರುಗಳು ಕೈಸೇರಿದವು. ಸಾರ್ನಾಫ್ ಅದೇ ಕಂಪನಿಯಲ್ಲಿ ಎತ್ತರದ ಹುದ್ದೆಗೆ ಏರಿದ್ದರು. ಅವರ ಕಾರ್ಯದರ್ಶಿಯಾಗಿದ್ದ ಮರಿಯನ್ ಮ್ಯಾಕಿನ್ನಿಸ್ 1923ರ ಡಿಸೆಂಬರ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಕೈಹಿಡಿದರು.

ಆದರೆ ಮೊದಲ ಆವಿಷ್ಕಾರದ ಒಡೆತನಕ್ಕಾಗಿ ಲೀ ಡಿ ಫಾರೆಸ್ಟ್ ಹೂಡಿದ ಹೋರಾಟ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಎಳೆದಾಡಿತು. 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರವಾಗಿ ತೀರ್ಪಿತ್ತಿತು. ನೊಂದ ಆರ್ಮ್‌ಸ್ಟ್ರಾಂಗ್, ಅದೇ ಸಾಧನೆಗಾಗಿ ರೇಡಿಯೋ ಎಂಜಿನಿಯರುಗಳ ಸಂಸ್ಥೆ ತಮಗಿತ್ತಿದ್ದ ಪದಕವನ್ನು ಹಿಂದಿರುಗಿಸಲು ಹೋದರು. ಸಂಸ್ಥೆ ಅದನ್ನು ಮರಳಿ ಪಡೆಯಲು ನಿರಾಕರಿಸಿತು. ಕಾನೂನು ಏನೇ ಹೇಳಿದರೂ ವೃತ್ತಿಬಾಂಧವರ ದೃಷ್ಟಿಯಲ್ಲಿ ಆವಿಷ್ಕಾರ ಆರ್ಮ್‌ಸ್ಟ್ರಾಂಗ್ ಅವರದೇ ಆಗಿತ್ತು.

ಗೊರಗೊರ ಸದ್ದಿಗೆ ಮದ್ದು

ಆ ಕಾಲದ ಬಾನುಲಿಗೆ ದೊಡ್ಡ ಶಾಪವೆಂದರೆ ಗೊರಗೊರ ಸದ್ದು. ಎಎಂ ಪದ್ಧತಿಯಲ್ಲಿ ಧ್ವನಿಗೆ ತಕ್ಕಂತೆ ತರಂಗದ ಎತ್ತರ ಏರಿಳಿಯುತ್ತದೆ. ಮಿಂಚು, ಲಿಫ್ಟಿನ ಮೋಟಾರು, ಟ್ರಾಮಿನ ಕಿಡಿ ಇವೆಲ್ಲವೂ ತರಂಗದ ಎತ್ತರವನ್ನೇ ಕೆಡಿಸುತ್ತವೆ. ಯಾವುದು ಗಾಯನ, ಯಾವುದು ಗದ್ದಲ ಎಂದು ಗ್ರಾಹಕಕ್ಕೆ ತಿಳಿಯುವುದಿಲ್ಲ. ಇದಕ್ಕೆ ಆಗ ಇದ್ದ ಪರಿಹಾರ ಒಂದೇ: ಪ್ರಸಾರದ ಶಕ್ತಿಯನ್ನು ಹೆಚ್ಚಿಸುತ್ತಾ ಹೋಗುವುದು. ಹಣವಿದ್ದವರ ದನಿ ಜೋರಾಯಿತು. ಬಡ ಕೇಂದ್ರಗಳ ದನಿ ಅಡಗಿತು.

ಆರ್ಮ್‌ಸ್ಟ್ರಾಂಗ್ ಬೇರೆಯ ದಾರಿ ಹಿಡಿದರು. ತರಂಗದ ಎತ್ತರವನ್ನು ಸ್ಥಿರವಾಗಿಟ್ಟು, ಧ್ವನಿಗೆ ತಕ್ಕಂತೆ ಅದರ ಕಂಪನಾಂಕವನ್ನೇ ಬದಲಿಸಿದರೆ ಹೇಗೆ? ಆಗ ಗ್ರಾಹಕವು ಎತ್ತರದ ಏರುಪೇರುಗಳನ್ನೆಲ್ಲ ಕತ್ತರಿಸಿ ಎಸೆಯಬಹುದು. ಅದರೊಂದಿಗೆ ಗದ್ದಲವೂ ತೊಲಗುತ್ತದೆ. ಕಂಪನಾಂಕ ಬದಲಿಸುವ ಯೋಚನೆ ಹಳೆಯದೇ. ಆದರೆ ಅದರಿಂದ ಲಾಭವಿಲ್ಲವೆಂದು ಎಟಿ ಅಂಡ್ ಟಿ ಕಂಪನಿಯ ಗಣಿತಜ್ಞ ಜಾನ್ ಕಾರ್ಸನ್ 1922ರಲ್ಲಿ ತೋರಿಸಿದ್ದರು. ಎಲ್ಲರೂ ಕಿರಿದಾದ ಪಟ್ಟಿಯೊಳಗೇ ಈ ತಂತ್ರವನ್ನು ಹಿಡಿದಿಡಲು ಹೆಣಗುತ್ತಿದ್ದಾಗ ಆರ್ಮ್‌ಸ್ಟ್ರಾಂಗ್ ಪಟ್ಟಿಯನ್ನು ಬಹಳ ಅಗಲಗೊಳಿಸಿದರು. ಅಗಲ ಹೆಚ್ಚಿದಷ್ಟೂ ಧ್ವನಿ ನಿರ್ಮಲವಾಯಿತು. 1933ರ ಡಿಸೆಂಬರ್ 26ರಂದು ಈ ಆವಿಷ್ಕಾರಕ್ಕೆ ಪೇಟೆಂಟುಗಳು ದೊರೆತವು.

ಎಫ್‌ಎಂಗೆ ಮತ್ತೊಂದು ಗುಣವೂ ಇತ್ತು. ಒಂದೇ ಕಂಪನಾಂಕದಲ್ಲಿ ಎರಡು ಕೇಂದ್ರಗಳ ಸಂಕೇತ ಬಂದರೆ ಎಎಂ ಗ್ರಾಹಕದಲ್ಲಿ ಎರಡೂ ಕಲಸಿಹೋಗುತ್ತವೆ. ಎಫ್‌ಎಂ ಗ್ರಾಹಕವಾದರೋ ಹೆಚ್ಚು ಪ್ರಬಲವಾದುದನ್ನು ಹಿಡಿದು ಮತ್ತೊಂದನ್ನು ಬಿಟ್ಟುಬಿಡುತ್ತದೆ. ಬಳಿಯಲ್ಲಿರುವ ಚಿಕ್ಕ ಕೇಂದ್ರವು ದೂರದ ದೊಡ್ಡ ಕೇಂದ್ರವನ್ನು ತನ್ನ ಸುತ್ತಲಿನ ಕೆಲವೇ ಕಿಲೋಮೀಟರುಗಳಲ್ಲಾದರೂ ಮಣಿಸಬಲ್ಲದು. ಕಡಿಮೆ ಶಕ್ತಿಯ ನೆರೆಹೊರೆ ಬಾನುಲಿಯ ಬೀಜ ಇರುವುದು ಇಲ್ಲಿಯೇ.

ಗೆಳೆತನ ಮುರಿದ ಗೋಪುರ

1934ರ ಜೂನ್‌ನಲ್ಲಿ ಆರ್‌ಸಿಎ ಹಿಡಿತದಲ್ಲಿದ್ದ ಎಂಪೈರ್ ಸ್ಟೇಟ್ ಕಟ್ಟಡದ 85ನೇ ಅಂತಸ್ತಿನಿಂದ ಎಫ್‌ಎಂ ಪರೀಕ್ಷೆ ಆರಂಭವಾಯಿತು. ಸುಮಾರು ನೂರು ಕಿಲೋಮೀಟರಿಗೂ ದೂರದ ಲಾಂಗ್ ಐಲೆಂಡ್‌ನ ಮನೆಯೊಂದರಲ್ಲಿ, ಗುಡುಗು ಮಿಂಚಿನ ನಡುವೆಯೂ, ಸಂಗೀತ ತಿಳಿಯಾಗಿ ಕೇಳಿಸಿತು. ಆದರೆ ಮರುವರ್ಷವೇ ದೂರದರ್ಶನದ ಪ್ರಯೋಗಕ್ಕೆ ಜಾಗ ಬೇಕೆಂದು ಉಪಕರಣಗಳನ್ನು ತೆರವುಗೊಳಿಸುವಂತೆ ಆರ್ಮ್‌ಸ್ಟ್ರಾಂಗ್ ಅವರಿಗೆ ಸೂಚನೆ ಬಂತು. ಸಾರ್ನಾಫ್ ಬಯಸಿದ್ದು ಎಎಂ ಬಾನುಲಿಯ ಲೋಪ ನೀಗುವ ಸಣ್ಣ ಸಾಧನವನ್ನು. ದೊರೆತದ್ದು ಆ ಇಡೀ ವ್ಯವಸ್ಥೆಯನ್ನೇ ಬದಿಗೆ ಸರಿಸಬಲ್ಲ ಹೊಸ ವ್ಯವಸ್ಥೆ.

1935ರ ನವೆಂಬರ್ 5ರಂದು ನ್ಯೂಯಾರ್ಕ್‌ನ ಎಂಜಿನಿಯರುಗಳ ಸಭೆಯಲ್ಲಿ ಆರ್ಮ್‌ಸ್ಟ್ರಾಂಗ್ ತಮ್ಮ ಪ್ರಬಂಧವನ್ನು ಮಂಡಿಸಿದರು. ಯಾಂಕರ್ಸ್‌ನಲ್ಲಿದ್ದ ಹವ್ಯಾಸಿ ಗೆಳೆಯ ರನ್ಯನ್ ಅವರ ಮನೆಯ ಪ್ರೇಷಕದಿಂದ ಬಂದ ಲೋಟಕ್ಕೆ ನೀರು ಸುರಿವ ಸದ್ದು, ಕಾಗದ ಮುದುಡುವ ಸದ್ದು ಸಭಿಕರಿಗೆ ಪಕ್ಕದಲ್ಲೇ ಆದಂತೆ ಕೇಳಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಕಡಿಮೆ ಶಕ್ತಿಯ ಬಾನುಲಿ ಪ್ರಸಾರವನ್ನು ಆರಂಭಿಸಿದ್ದರು. ಮೈಸೂರಿನದು ಎಫ್‌ಎಂ ಅಲ್ಲ, ಇಬ್ಬರಿಗೂ ಪರಸ್ಪರ ಪರಿಚಯವೂ ಇರಲಿಲ್ಲ. ಆದರೂ ಬಾನುಲಿಗೆ ದೊಡ್ಡ ಬಂಡವಾಳಕ್ಕಿಂತ ಮನೆಯಂಗಳದ ಶ್ರದ್ಧೆ ಮುಖ್ಯವೆಂಬುದನ್ನು ಒಂದೇ ವರ್ಷದಲ್ಲಿ ಎರಡು ಖಂಡಗಳು ಕಂಡವು.

ಮುಂದೆ ಆರ್ಮ್‌ಸ್ಟ್ರಾಂಗ್ ಸ್ವಂತ ಹಣ ಸುರಿದು ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ನಾನೂರು ಅಡಿಗೂ ಎತ್ತರದ ಗೋಪುರ ಕಟ್ಟಿದರು. 1938ರಲ್ಲಿ ಅಲ್ಲಿಂದ ಪ್ರಸಾರ ಶುರುವಾಯಿತು. 1940ರಲ್ಲಿ ಅಮೆರಿಕದ ಸಂಪರ್ಕ ಆಯೋಗವು 42ರಿಂದ 50 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಎಫ್‌ಎಂಗೆ ನೀಡಿ, ಅದರಲ್ಲಿ ಒಂದಂಶವನ್ನು ಶೈಕ್ಷಣಿಕ ಕೇಂದ್ರಗಳಿಗೆ ಮೀಸಲಿಟ್ಟಿತು. ಪೇಟೆಂಟುಗಳಿಗಾಗಿ ಆರ್‌ಸಿಎ 10 ಲಕ್ಷ ಡಾಲರ್ ಇಡಿಗಂಟು ಕೊಡಲು ಮುಂದಾದಾಗ ಆರ್ಮ್‌ಸ್ಟ್ರಾಂಗ್ ಒಪ್ಪಲಿಲ್ಲ. ಇತರ ಕಂಪನಿಗಳಂತೆ ಅದೂ ಗೌರವಧನ ಕೊಡಲಿ ಎಂಬುದು ಅವರ ನಿಲುವು. ಎರಡನೇ ಮಹಾಯುದ್ಧ ಬಂದಾಗ ಅದೇ ಪೇಟೆಂಟುಗಳನ್ನು ಅವರು ದೇಶದ ಸೇನೆಗೆ ಉಚಿತವಾಗಿ ಬಿಟ್ಟುಕೊಟ್ಟರು.

ಅಡಚಣೆಯ ಹೆಸರಿನಲ್ಲಿ

ಅಡಚಣೆಯನ್ನು ಗೆಲ್ಲಲೆಂದೇ ಹುಟ್ಟಿದ ತಂತ್ರಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಅಡಚಣೆಯ ಹೆಸರಿನಲ್ಲಿಯೇ. ವಾತಾವರಣದ ಅಯಾನುಗೋಲದಿಂದ ಪ್ರತಿಫಲಿಸುವ ತರಂಗಗಳು ಎಫ್‌ಎಂ ಪ್ರಸಾರವನ್ನು ಕೆಡಿಸುತ್ತವೆಂಬ ಕಾರಣ ನೀಡಿ 1945ರಲ್ಲಿ ಆಯೋಗವು ಎಫ್‌ಎಂ ಅನ್ನು ಹಳೆಯ ಪಟ್ಟಿಯಿಂದ ಎಬ್ಬಿಸಿ 88ರಿಂದ 108 ಮೆಗಾಹರ್ಟ್ಸ್ ಪಟ್ಟಿಗೆ ಕಳುಹಿಸಿತು. ಈ ಲೆಕ್ಕಾಚಾರ ತಪ್ಪೆಂದು ಆರ್ಮ್‌ಸ್ಟ್ರಾಂಗ್ ವಾದಿಸಿದರೂ ಫಲವಾಗಲಿಲ್ಲ. ಜನರ ಮನೆಗಳಲ್ಲಿದ್ದ ಲಕ್ಷಾಂತರ ಗ್ರಾಹಕಗಳು ನಿರುಪಯುಕ್ತವಾದವು. ಹತ್ತಾರು ಕೇಂದ್ರಗಳು ಹೊಸ ಪ್ರೇಷಕಗಳಿಗೆ ಹಣ ಹೊಂದಿಸಬೇಕಾಯಿತು. ಎಫ್‌ಎಂ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು.

1948ರಲ್ಲಿ ಆರ್ಮ್‌ಸ್ಟ್ರಾಂಗ್ ಆರ್‌ಸಿಎ ವಿರುದ್ಧ ದಾವೆ ಹೂಡಿದರು. ಎದುರಾಳಿಯ ವಕೀಲರು ವಿಚಾರಣೆಯನ್ನು ವರ್ಷಗಟ್ಟಲೆ ಲಂಬಿಸಿದರು. ಈ ನಡುವೆ ಮೂಲ ಪೇಟೆಂಟುಗಳ ಅವಧಿ ಮುಗಿದು ಗೌರವಧನವೂ ನಿಂತಿತು. ಕೊಲಂಬಿಯಾದಲ್ಲಿ ಸಂಬಳ ಪಡೆಯದೆ ಪ್ರಾಧ್ಯಾಪಕರಾಗಿದ್ದ, ಒಂದು ಕಾಲದ ಸಿರಿವಂತ ವಿಜ್ಞಾನಿಯ ಬೊಕ್ಕಸ ಬರಿದಾಯಿತು. 1953ರ ನವೆಂಬರ್‌ನಲ್ಲಿ ಹತಾಶೆಯ ಗಳಿಗೆಯೊಂದರಲ್ಲಿ ಅವರು ಪತ್ನಿಯ ಮೇಲೆ ಕೈಮಾಡಿದರು. ಮರಿಯನ್ ಮನೆ ತೊರೆದು ಸಹೋದರಿಯ ಬಳಿಗೆ ಹೋದರು. 1954ರ ಜನವರಿ 31ರ ರಾತ್ರಿ, ಪತ್ನಿಗೆ ಪಶ್ಚಾತ್ತಾಪದ ಪತ್ರವೊಂದನ್ನು ಬರೆದಿಟ್ಟು, ಆರ್ಮ್‌ಸ್ಟ್ರಾಂಗ್ ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು. ಅವರಿಗೆ 63 ವರ್ಷ. ಬೆಲ್ಮಾರ್‌ನ ಆ ಚಳಿಯ ರಾತ್ರಿಗೆ ಆಗ ನಾಲ್ವತ್ತು ವರ್ಷ ತುಂಬಿತ್ತು.

ಪತಿ ಬಿಟ್ಟುಹೋದ ಹೋರಾಟವನ್ನು ಮರಿಯನ್ ಕೈಬಿಡಲಿಲ್ಲ. ಅದೇ ವರ್ಷದ ಕೊನೆಗೆ ಆರ್‌ಸಿಎ 10 ಲಕ್ಷ ಡಾಲರಿಗೂ ಮಿಗಿಲಾದ ಮೊತ್ತ ಕೊಟ್ಟು ರಾಜಿ ಮಾಡಿಕೊಂಡಿತು. ಉಳಿದ ಕಂಪನಿಗಳ ವಿರುದ್ಧದ ಕೊನೆಯ ಮೊಕದ್ದಮೆಯೂ 1967ರಲ್ಲಿ ಆಕೆಯ ಪರವಾಗಿ ಮುಗಿಯಿತು. ಎಫ್‌ಎಂನ ಜನಕ ಯಾರೆಂಬ ಪ್ರಶ್ನೆಗೆ ನ್ಯಾಯಾಲಯದ ಮುದ್ರೆ ಬಿತ್ತು. ಅದನ್ನು ನೋಡಲು ಜನಕನೇ ಇರಲಿಲ್ಲ.

ಪುಟ್ಟ ಬಾನುಲಿಗಳ ಪಾಲಿನ ಬೆಳಕು

ಆರ್ಮ್‌ಸ್ಟ್ರಾಂಗ್ ದಾವೆ ಹೂಡಿದ 1948ರಲ್ಲಿಯೇ ಅಮೆರಿಕದಲ್ಲಿ ಕೇವಲ 10 ವ್ಯಾಟ್ ಶಕ್ತಿಯ ಶೈಕ್ಷಣಿಕ ಎಫ್‌ಎಂ ಕೇಂದ್ರಗಳಿಗೆ ಅನುಮತಿ ದೊರೆಯಿತು. 2000ದಲ್ಲಿ 100 ವ್ಯಾಟ್‌ವರೆಗಿನ ಸಮುದಾಯ ಕೇಂದ್ರಗಳ ಯೋಜನೆ ಬಂದಾಗ, ಇವು ತಮ್ಮ ಪ್ರಸಾರಕ್ಕೆ ಅಡಚಣೆ ಒಡ್ಡುತ್ತವೆಂದು ದೊಡ್ಡ ಪ್ರಸಾರಕರು ಮೊರೆಯಿಟ್ಟರು. ಸಂಸತ್ತು ಅದಕ್ಕೆ ಮಣಿದು, ದೊಡ್ಡ ಕೇಂದ್ರವೊಂದರಿಂದ ಮೂರು ಚಾನೆಲ್ ಆಚೆಗೂ ಚಿಕ್ಕ ಕೇಂದ್ರಕ್ಕೆ ಜಾಗವಿಲ್ಲದಂತೆ ಮಾಡಿತು. ಕಿಕ್ಕಿರಿದ ನಗರಗಳಲ್ಲಿ ಅಷ್ಟು ತೆರವು ಸಿಗುವುದು ದುರ್ಲಭ. ಹೀಗಾಗಿ ಹೊಸ ಕೇಂದ್ರಗಳು ಬಹುಪಾಲು ಹಳ್ಳಿಗಾಡಿಗೇ ಸೀಮಿತವಾದವು. ಸಂಸತ್ತೇ ಅಪೇಕ್ಷಿಸಿದ್ದ, ಮೈಟರ್ ಸಂಸ್ಥೆಯ 2003ರ ಅಧ್ಯಯನವು ಅಂಥ ಗಣನೀಯ ಅಡಚಣೆ ಇಲ್ಲವೆಂದು ಹೇಳಿತು. ಆದರೂ ನಿರ್ಬಂಧ ಸಡಿಲಿಸುವ ಕಾನೂನಿಗೆ ಅಂಕಿತ ಬಿದ್ದದ್ದು 2011ರ ಜನವರಿಯಲ್ಲಿ.

ಭಾರತದಲ್ಲಿ 2006ರ ಸಮುದಾಯ ಬಾನುಲಿ ನೀತಿಯು ಸರ್ಕಾರೇತರ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. 100 ವ್ಯಾಟ್ ವಿಕಿರಣ ಶಕ್ತಿ, 30 ಮೀಟರ್ ಎತ್ತರದ ಆಂಟೆನಾ, ಐದರಿಂದ ಹತ್ತು ಕಿಲೋಮೀಟರ್ ವ್ಯಾಪ್ತಿ ಎಂಬುದು ಆ ನೀತಿಯ ಅಳತೆ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರೇಡಿಯೋ ಆಕ್ಟೀವ್‌ಗೆ ದೊರೆತದ್ದು 90.4 ಮೆಗಾಹರ್ಟ್ಸ್. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರಕ್ಕೂ ಇದೇ ಕಂಪನಾಂಕ. ಶಕ್ತಿ ಕಿರಿದಾದುದರಿಂದ ಒಂದೇ ಕಂಪನಾಂಕವು ಹಲವು ಊರುಗಳಿಗೆ ಒದಗುತ್ತದೆ.

ಎಫ್‌ಎಂ ಸರ್ವಶಕ್ತವೇನೂ ಅಲ್ಲ. ಎತ್ತರದ ಕಟ್ಟಡಗಳು ತರಂಗವನ್ನು ಪ್ರತಿಫಲಿಸಿ ಧ್ವನಿಯನ್ನು ಒಡೆಯುತ್ತವೆ. ಪಕ್ಕದ ಕಂಪನಾಂಕದ ಪ್ರಬಲ ಕೇಂದ್ರವು ಅಗ್ಗದ ಗ್ರಾಹಕದೊಳಗೆ ನುಸುಳುತ್ತದೆ. ಆದರೆ ಇವೆಲ್ಲ ಅಳೆಯಬಹುದಾದ, ಸರಿಪಡಿಸಬಹುದಾದ ತೊಡಕುಗಳು. ಅಳೆಯದೆಯೇ ಅಡಚಣೆಯ ಭಯ ಹುಟ್ಟಿಸಿ ಚಿಕ್ಕ ದನಿಯನ್ನು ಅಡಗಿಸುವುದು ಬೇರೆಯೇ ಬಗೆಯ ತೊಡಕು. ಆರ್ಮ್‌ಸ್ಟ್ರಾಂಗ್ ಮದ್ದು ಕಂಡುಹಿಡಿದದ್ದು ಮೊದಲನೆಯದಕ್ಕೆ, ಬಲಿಯಾದದ್ದು ಎರಡನೆಯದಕ್ಕೆ.

ಆಲ್ಪೈನ್‌ನ ಅವರ ಗೋಪುರ ಮಾತ್ರ ಉಳಿಯಿತು. 2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರದೊಂದಿಗೆ ನ್ಯೂಯಾರ್ಕ್‌ನ ಟಿವಿ ಕೇಂದ್ರಗಳ ಆಂಟೆನಾಗಳೂ ಉರುಳಿದಾಗ, ಅವುಗಳಲ್ಲಿ ಹಲವು ತಾತ್ಕಾಲಿಕ ಆಸರೆ ಪಡೆದದ್ದು ಅದೇ ಗೋಪುರದ ಮೇಲೆ. ಬದುಕಿದ್ದಾಗ ಮೇಜರ್ ಅವರ ಗೋಪುರಕ್ಕೆ ಕಿವಿಗೊಡದ ನಗರವು ಅವರು ತೀರಿಕೊಂಡ ನಾಲ್ವತ್ತೇಳು ವರ್ಷಗಳ ಬಳಿಕ ತನ್ನ ಅತ್ಯಂತ ಕಠಿಣ ದಿನಗಳಲ್ಲಿ ಅದರ ನೆರವನ್ನೇ ಪಡೆಯಿತು.