ಕುಂಚವನ್ನು ಮರಳಿ ಹಿಡಿದ ರುಮಾಲೆ ಚನ್ನಬಸವಯ್ಯನವರು

ಬಾಲ್ಯದಲ್ಲಿ ಬಣ್ಣದೊಡನೆ ಆಡದವರು ವಿರಳ. ಬಿಜಾಪುರ ಸೀಮೆಯ ನಮ್ಮ ಊರಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಎರೆಮಣ್ಣಿನಿಂದ ಎತ್ತುಗಳನ್ನು ಮಾಡಿ, ಸುಣ್ಣ ಬಳಿದು, ಕೆಮ್ಮಣ್ಣು, ಅರಿಸಿನ, ಕಾಡಿಗೆಗಳಿಂದ ಅವುಗಳ ಕೊಂಬು, ಕಣ್ಣು, ಜೂಲುಗಳನ್ನು ಬರೆಯುವುದೇ ನಮಗೆ ಹಬ್ಬವಾಗಿತ್ತು. ಬಳಿಕ ಶಾಲೆಯಲ್ಲಿ ಮೇಣದ ಬಣ್ಣದ ಕಡ್ಡಿಗಳು ದೊರೆತವು. ಮೆಟ್ರಿಕ್ ಪರೀಕ್ಷೆ ಸಮೀಪಿಸಿದಾಗ ಅವು ಅಟ್ಟವನ್ನೇರಿದವು. ನಾವೂ ಅವುಗಳನ್ನು ಮರೆತೆವು. ಇದು ನಮ್ಮೊಬ್ಬರ ಕಥೆಯಲ್ಲ, ಬಹುಮಂದಿಯ ಕಥೆ. ಬಿಡುವವರು ಅನೇಕರು, ಬಿಟ್ಟುದನ್ನು ಮರಳಿ ಹಿಡಿಯುವವರು ಕೆಲವರೇ. ಅಂಥ ಕೆಲವರಲ್ಲಿ ಕರ್ಣಾಟಕದ ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಗಣ್ಯರು. ನಮ್ಮ ವಿದ್ಯಾರ್ಥಿಗಳು ಅವರ ಜೀವನವನ್ನು ಅರಿಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಚನ್ನಬಸವಯ್ಯನವರು 1910ರಲ್ಲಿ ಬೆಂಗಳೂರಿಗೆ ಸಮೀಪದ ದೊಡ್ಡಬಳ್ಳಾಪುರದಲ್ಲಿ ಜನಿಸಿದರು. ಅದು ಮಗ್ಗಗಳ ಊರು; ಬಣ್ಣದ ನೂಲು ಅಲ್ಲಿ ಮಕ್ಕಳ ಕಣ್ಣಿಗೆ ಹೊಸದಲ್ಲ. ತಾರುಣ್ಯದಲ್ಲಿ ಅವರನ್ನು ಚಿತ್ರಕಲೆ ಸೆಳೆಯಿತು. ಆಗ ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ ಕಲಾಮಂದಿರವು ಕಲಾಸಕ್ತ ತರುಣರಿಗೆ ಆಶ್ರಯವಾಗಿತ್ತು. ಚನ್ನಬಸವಯ್ಯನವರು ಅಲ್ಲಿ ಅಭ್ಯಾಸಮಾಡಿ, ಮುಂದೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಕೈ ಪಳಗುತ್ತಿತ್ತು, ಚಿತ್ರಕಾರನಾಗುವ ದಾರಿ ಮುಂದೆ ತೆರೆದಿತ್ತು.

ಆದರೆ ಅದು ದೇಶವು ಬಂಧನದಲ್ಲಿದ್ದ ಕಾಲ. 1930ರಲ್ಲಿ ಗಾಂಧೀಜಿಯವರು ದಾಂಡಿಗೆ ನಡೆದರು. ಕರ್ಣಾಟಕದ ಕರಾವಳಿಯ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆಯಿತು. ಆ ಕರೆಗೆ ಓಗೊಟ್ಟು ಓದನ್ನು ತೊರೆದ ಸಾವಿರಾರು ತರುಣರಲ್ಲಿ ಚನ್ನಬಸವಯ್ಯನವರೂ ಒಬ್ಬರು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಸ್ಥಾಪಿಸಿದ ಸೇವಾದಳದ ಕಾರ್ಯಕರ್ತರಾಗಿ ಅವರು ದುಡಿದರು; ಸೆರೆಮನೆಯ ವಾಸವನ್ನೂ ಅನುಭವಿಸಿದರು. ಕುಂಚವನ್ನು ಹಿಡಿಯಬೇಕಾಗಿದ್ದ ಕೈಯು ಧ್ವಜವನ್ನು ಹಿಡಿಯಿತು.

ಸ್ವಾತಂತ್ರ್ಯಾನಂತರವೂ ಅವರಿಗೆ ಬಿಡುವು ದೊರೆಯಲಿಲ್ಲ. ಮೈಸೂರು ವಿಧಾನ ಪರಿಷತ್ತಿನ ಸದಸ್ಯತ್ವ ಬಂದಿತು. ತಾಯಿನಾಡು ಪತ್ರಿಕೆಯ ಸಂಪಾದಕತ್ವದ ಹೊಣೆಯನ್ನೂ ಅವರು ಹೊತ್ತರು. ಸಭೆ, ಭಾಷಣ, ಲೇಖನಗಳ ನಡುವೆ ವರ್ಷಗಳು ಉರುಳಿದವು. ಲೋಕದ ಕಣ್ಣಿನಲ್ಲಿ ಅವರು ಗಣ್ಯ ಸಾರ್ವಜನಿಕ ವ್ಯಕ್ತಿ. ಅವರು ಒಮ್ಮೆ ಬಣ್ಣ ಕಲಸುತ್ತಿದ್ದ ತರುಣನೆಂಬುದು ಎಷ್ಟು ಮಂದಿಗೆ ನೆನಪಿದ್ದೀತು?

1960ರ ದಶಕದ ಆರಂಭದ ಮಾತು. ಐವತ್ತು ದಾಟಿದ ಚನ್ನಬಸವಯ್ಯನವರು ರಾಜಕಾರಣದಿಂದ ಹಿಂದೆ ಸರಿದು, ತಾರುಣ್ಯದಲ್ಲಿ ಕೆಳಗಿಟ್ಟ ಕುಂಚವನ್ನು ಮರಳಿ ಹಿಡಿದರು. ಐವತ್ತರ ಮೇಲೆ ಮನುಷ್ಯನು ಸಾಮಾನ್ಯವಾಗಿ ಸಂಪಾದಿಸಿದ್ದನ್ನು ಕಾಯ್ದುಕೊಳ್ಳಲು ಯತ್ನಿಸುತ್ತಾನೆ. ಇವರಾದರೋ ಕೈಯಲ್ಲಿದ್ದ ಸ್ಥಾನಮಾನಗಳನ್ನು ಬಿಟ್ಟು, ಪುನಃ ವಿದ್ಯಾರ್ಥಿಯಂತೆ ಮರದ ಮುಂದೆ ಕುಳಿತರು. ಇಷ್ಟು ವರ್ಷ ಬಳಸದ ಕೈ ಮೊದಲಿನಂತೆ ಓಡುವುದಿಲ್ಲ. ನೀರ್ಬಣ್ಣವು ತಪ್ಪನ್ನು ಮರೆಮಾಡಲು ಬಿಡುವುದಿಲ್ಲ. ಅದಕ್ಕೆ ಅಂಜದೆ ಅವರು ಬರೆಯತೊಡಗಿದರು.

ಅವರು ಕಟ್ಟಡದ ಒಳಗೆ ಕುಳಿತು ಕಲ್ಪನೆಯಿಂದ ಬರೆಯುವವರಲ್ಲ. ಬೆಂಗಳೂರಿನ ಹೂಬಿಟ್ಟ ಸಾಲುಮರಗಳೇ ಅವರಿಗೆ ಗುರು. ಆ ನಗರದ ಹೂಮರಗಳ ಹಿಂದೆ ಒಂದು ಚರಿತ್ರೆಯೇ ಉಂಟು. ಜರ್ಮನಿಯಲ್ಲಿ ಜನಿಸಿ, 1893ರಲ್ಲಿ ಭಾರತಕ್ಕೆ ಬಂದು, ಮುಂದೆ ಲಾಲ್‌ಬಾಗಿನ ಮೇಲ್ವಿಚಾರಕರಾದ ಕ್ರುಂಬಿಗಲ್ ಎಂಬ ತೋಟಗಾರಿಕಾ ತಜ್ಞರು, ಒಂದು ಬೀದಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಬೀದಿ ಅರಳುವಂತೆ ಮರಗಳನ್ನು ಆಯ್ದು ನೆಡಿಸಿದರು. ಮಡಗಾಸ್ಕರ್ ದ್ವೀಪದ ಕೆಂಪು ಗುಲ್‌ಮೊಹರ್, ದಕ್ಷಿಣ ಅಮೆರಿಕೆಯ ನೀಲಿ ಜಕರಾಂಡ, ಇವೆಲ್ಲ ಬೆಂಗಳೂರಿನ ಮಣ್ಣಿಗೆ ಒಗ್ಗಿದವು. ಒಬ್ಬರು ನೆಡಿಸಿದ ಸೌಂದರ್ಯವನ್ನು ಇನ್ನೊಬ್ಬರು ಕಾಗದದ ಮೇಲೆ ಉಳಿಸಿದರು. ಇಂದು ಆ ಮರಗಳಲ್ಲಿ ಎಷ್ಟೋ ಮರಗಳು ಇಲ್ಲ; ರಸ್ತೆಗಳು ಅವುಗಳನ್ನು ನುಂಗಿವೆ. ಆದುದರಿಂದ ಚನ್ನಬಸವಯ್ಯನವರ ಚಿತ್ರಗಳು ಅಂದಿನ ಊರಿನ ಸಾಕ್ಷಿಗಳೂ ಆಗಿವೆ.

ಅವರ ಚಿತ್ರಗಳನ್ನು ಸಮೀಪದಿಂದ ನೋಡಿದರೆ ಚಿಕ್ಕಚಿಕ್ಕ ಬಣ್ಣದ ಗೆರೆ, ಚುಕ್ಕೆಗಳು ಮಾತ್ರ ಕಾಣುತ್ತವೆ. ಹತ್ತು ಹೆಜ್ಜೆ ಹಿಂದೆ ಸರಿದರೆ ಅವೇ ಕೂಡಿ ಮರವಾಗುತ್ತವೆ, ನೆರಳಾಗುತ್ತವೆ. ಕೆಂಪು ಹೂವನ್ನು ಒಂದೇ ಕೆಂಪಿನಿಂದ ಬರೆಯಲಾಗದೆಂಬ ಪಾಠ ಅಲ್ಲಿದೆ. ಬಿಸಿಲು ಬಿದ್ದ ಕಡೆ ಅದು ಕಿತ್ತಳೆಗೆ ತಿರುಗುತ್ತದೆ, ನೆರಳಿನಲ್ಲಿ ನೇರಿಳೆಯಾಗುತ್ತದೆ. ನೀರ್ಬಣ್ಣದಲ್ಲಿ ಬೆಳಕನ್ನು ಬಳಿಯುವುದಿಲ್ಲ. ಕಾಗದದ ಬಿಳುಪನ್ನು ಬಿಟ್ಟು ಬೆಳಕನ್ನು ಉಳಿಸಿಕೊಳ್ಳಬೇಕು.

1988ರಲ್ಲಿ ಅವರು ನಿಧನರಾದರು. ಜೀವನದ ಕೊನೆಯ ಕಾಲು ಶತಮಾನವನ್ನು ಬಣ್ಣಕ್ಕೆ ಅರ್ಪಿಸಿದ ಅವರ ಚಿತ್ರಗಳನ್ನು ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾಭವನವೊಂದು ಕಾಪಾಡಿಕೊಂಡು ಬಂದಿದೆ.

ಈ ಚರಿತ್ರೆಯನ್ನು ಬರೆಯಲು ನಮಗೊಂದು ಕಾರಣವಿದೆ. ಅದನ್ನು ಮುಚ್ಚಿಡುವುದು ಅಧ್ಯಾಪಕನಿಗೆ ತರವಲ್ಲ. ಕೆಲವು ವರ್ಷಗಳ ಹಿಂದೆ, ನಾವು ಈ ಪುಣೆ ನಗರಕ್ಕೆ ಬಂದ ಹೊಸತರಲ್ಲಿ, ಎಂಟನೆಯ ತರಗತಿಗೆ ಸಂಧಿ ಪ್ರಕರಣವನ್ನು ಬೋಧಿಸುತ್ತಿದ್ದೆವು. ಹಿಂದಿನ ಸಾಲಿನ ಬಾಲಕನೊಬ್ಬನು ವ್ಯಾಕರಣ ಪುಸ್ತಕದ ಅಂಚಿನಲ್ಲಿ ಗುಲ್‌ಮೊಹರಿನ ಗೊಂಚಲನ್ನು ಬರೆದು ಬಣ್ಣ ತುಂಬುತ್ತಿದ್ದನು. ನಾವು ಸಿಟ್ಟಾಗಿ ಅವನ ಬಣ್ಣದ ಪೆಟ್ಟಿಗೆಯನ್ನು ಕಸಿದು ಕಪಾಟಿನಲ್ಲಿಟ್ಟೆವು. ವರ್ಷಾಂತ್ಯದಲ್ಲಿ ಮರಳಿ ಕೊಡುವ ಯೋಚನೆಯಿತ್ತು. ಆದರೆ ಅವನ ತಂದೆ ಕಟ್ಟಡ ಕೆಲಸದವರು. ದೀಪಾವಳಿಯ ರಜೆಯಲ್ಲಿ ಸಂಸಾರ ಸಮೇತ ಬೇರೆ ಊರಿಗೆ ಹೊರಟುಹೋದರು. ಹುಡುಗನು ಪೆಟ್ಟಿಗೆಯನ್ನು ಕೇಳಲೇ ಇಲ್ಲ. ಕೇಳುವಷ್ಟು ಸಲಿಗೆಯನ್ನು ನಾವು ಅವನಿಗೆ ಕೊಟ್ಟಿರಲಿಲ್ಲ.

ಚನ್ನಬಸವಯ್ಯನವರು ದೇಶಕ್ಕಾಗಿ ತಾವಾಗಿಯೇ ಕುಂಚವನ್ನು ಕೆಳಗಿಟ್ಟರು. ಆದುದರಿಂದ ತಾವಾಗಿಯೇ ಮರಳಿ ಹಿಡಿಯಬಲ್ಲವರಾದರು. ಕಸಿದುಕೊಂಡುದರ ಗತಿ ಹಾಗಲ್ಲ. ಆ ಹುಡುಗನು ಮರಳಿ ಹಿಡಿದನೋ ಇಲ್ಲವೋ ನಾವರಿಯೆವು.

ಕಳೆದ ಮಳೆಗಾಲದ ಒಂದು ರವಿವಾರ ನಾವು ಆ ಪೆಟ್ಟಿಗೆಯನ್ನು ತೆರೆದೆವು. ಕೆಂಪು ಬಣ್ಣವು ಬಹುಮಟ್ಟಿಗೆ ಸವೆದಿತ್ತು. ಹಸಿರು ಅರ್ಧ ಉಳಿದಿತ್ತು. ಕಿಟಕಿಯಿಂದ ಮೋಡ ಕವಿದ ಪರ್ವತಿ ಗುಡ್ಡ ಕಾಣುತ್ತಿತ್ತು. ಇಷ್ಟು ವರ್ಷಗಳ ಮೇಲೆ ನಾವು ಅದನ್ನು ಬರೆಯಲು ಕುಳಿತೆವು. ಗುಡ್ಡವು ಗುಡ್ಡದಂತಾಗದೆ ಮಣ್ಣೆತ್ತಿನ ಹಿಣಿಲಿನಂತಾಯಿತು. ಮನೆಯವರು ನಕ್ಕರು, ನಾವೂ ನಕ್ಕೆವು. ಕೈ ಮಾತ್ರ ಸಂಜೆಯವರೆಗೆ ನಿಲ್ಲಲಿಲ್ಲ.

ವಿದ್ಯಾರ್ಥಿಗಳೇ, ಸಂಧಿ ಸಮಾಸಗಳನ್ನು ಕಲಿಯಲೇಬೇಕು, ಅದರಲ್ಲಿ ವಿನಾಯಿತಿಯಿಲ್ಲ. ಆದರೆ ನಿಮ್ಮ ಬಣ್ಣದ ಪೆಟ್ಟಿಗೆಗಳು ಇನ್ನು ಮುಂದೆ ನಮ್ಮ ಕಪಾಟನ್ನು ಸೇರವು. ಹಳೆಯ ಪೆಟ್ಟಿಗೆಯೊಂದು ಅಲ್ಲಿ ಇದೆ. ಅದರ ಒಡೆಯನು ಎಂದಾದರೂ ಈ ಬಾಗಿಲಿಗೆ ಬಂದರೆ, ಸವೆದ ಕೆಂಪಿನ ಬದಲು ಹೊಸದನ್ನು ಇಟ್ಟು ಅವನಿಗೆ ಒಪ್ಪಿಸುತ್ತೇವೆ.