ಸಾಗರೋಲ್ಲಂಘನ: ಅಮೇಲಿಯಾ ಇಯರ್‌ಹಾರ್ಟ್‌ಳ ಜೀವನ

ಸಾಗರೋಲ್ಲಂಘನವೆಂದೊಡನೆ ನಮ್ಮ ನೆನಪಿಗೆ ಬರುವವನು ಹನುಮಂತ. ಲಂಕೆಗೆ ಹಾರುತ್ತಿದ್ದ ಅವನಿಗಾಗಿ ನಡುಗಡಲಿನಲ್ಲಿ ಮೈನಾಕ ಪರ್ವತವು ತಾನಾಗಿಯೇ ತಲೆಯೆತ್ತಿ, ಕ್ಷಣಕಾಲ ವಿಶ್ರಮಿಸಿಕೊಂಡು ಹೋಗೆಂದು ಬೇಡಿಕೊಂಡಿತಂತೆ. ವಿಮಾನದಲ್ಲಿ ಕಡಲು ದಾಟುವ ಮನುಷ್ಯನಿಗೆ ಆ ಭಾಗ್ಯವಿಲ್ಲ. ಅವನು ಇಳಿಯಬೇಕಾದ ದ್ವೀಪವನ್ನು ಅವನೇ ದಿಕ್ಸೂಚಿಯಿಂದ, ಗಡಿಯಾರದಿಂದ, ಸೂರ್ಯ ನಕ್ಷತ್ರಗಳ ನೆರವಿನಿಂದ ಹುಡುಕಿಕೊಳ್ಳಬೇಕು. ಹುಡುಕಿದ್ದು ಸಿಕ್ಕದಿದ್ದರೆ ಕೆಳಗೆ ನೀರಲ್ಲದೆ ಬೇರೇನೂ ಇಲ್ಲ. ಇದನ್ನು ಚೆನ್ನಾಗಿ ತಿಳಿದೂ ಎರಡು ಮಹಾಸಾಗರಗಳ ಮೇಲೆ ಹಾರಿ ಜಯಿಸಿದವಳು, ಕೊನೆಗೆ ಅಂಥದೊಂದು ದ್ವೀಪವನ್ನು ಅರಸುತ್ತಲೇ ಕಣ್ಮರೆಯಾದವಳು, ಅಮೆರಿಕದ ಅಮೇಲಿಯಾ ಇಯರ್‌ಹಾರ್ಟ್.

ಅಮೇಲಿಯಾ ಹುಟ್ಟಿದ್ದು 1897ರ ಜುಲೈ 24ರಂದು, ಕಾನ್ಸಾಸ್ ಸಂಸ್ಥಾನದ ಆಚಿಸನ್ ಎಂಬ ಊರಿನಲ್ಲಿ, ತಾಯಿಯ ತವರುಮನೆಯಲ್ಲಿ. ತಾತ ನ್ಯಾಯಾಧೀಶ, ಅನುಕೂಲಸ್ಥ ಕುಟುಂಬ. ತಂದೆ ಎಡ್ವಿನ್ ರೈಲ್ವೆ ಕಂಪನಿಗಳ ವಕೀಲಿ ಕೆಲಸ ಮಾಡುತ್ತಿದ್ದವನು. ಅಮೇಲಿಯಾ ಮತ್ತು ಅವಳ ತಂಗಿ ಮ್ಯೂರಿಯೆಲ್ ಮರ ಹತ್ತುವುದು, ಹುಳಹುಪ್ಪಟೆ ಹಿಡಿಯುವುದು ಮೊದಲಾದ ಆಟಗಳಲ್ಲಿ ಬೆಳೆದರು. ಒಮ್ಮೆ ಜಾತ್ರೆಯ ಜಾರುಬಂಡಿಯನ್ನು ನೋಡಿಬಂದ ಈ ಹುಡುಗಿ ಮನೆಯ ಹಿಂದಿನ ಕೊಟ್ಟಿಗೆಯ ಮಾಡಿಗೆ ಹಲಗೆಗಳನ್ನು ಇಳಿಜಾರಾಗಿ ಕಟ್ಟಿ, ಮರದ ಪೆಟ್ಟಿಗೆಯಲ್ಲಿ ಕುಳಿತು ಜಾರಿ ಕೆಳಗೆ ಬಿದ್ದಳು. ತುಟಿ ಒಡೆಯಿತು, ಉಡುಗೆ ಹರಿಯಿತು. ಅವಳಿಗೆ ಮಾತ್ರ ಹಾರಿದಷ್ಟೇ ಹಿಗ್ಗು. ಆದರೆ ಮನೆಯ ಸುಖ ಬಹುಕಾಲ ನಿಲ್ಲಲಿಲ್ಲ. ತಂದೆ ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡ. ಕುಟುಂಬ ಊರಿಂದೂರಿಗೆ ಅಲೆಯಿತು. ಗಂಡಸರದೇ ಎನಿಸಿದ್ದ ವೃತ್ತಿಗಳಲ್ಲಿ ಹೆಸರು ಪಡೆದ ಹೆಂಗಸರ ಸುದ್ದಿ ಪತ್ರಿಕೆಯಲ್ಲಿ ಬಂದರೆ ಅದನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಟ್ಟುಕೊಳ್ಳುವ ಅಭ್ಯಾಸ ಅವಳಿಗೆ ಆ ದಿನಗಳಲ್ಲೇ ಬೆಳೆಯಿತು.

1917ರ ಕ್ರಿಸ್‌ಮಸ್ ರಜೆಯಲ್ಲಿ ತಂಗಿಯನ್ನು ನೋಡಲು ಕೆನಡಾದ ಟೊರಾಂಟೋಗೆ ಹೋದ ಅಮೇಲಿಯಾ ಅಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದ ಸೈನಿಕರನ್ನು ಕಂಡಳು. ಓದನ್ನು ಬಿಟ್ಟು ಸೈನಿಕ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆಗೆ ನಿಂತಳು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ತಾನೂ ಕಾಯಿಲೆ ಬಿದ್ದು ಬದುಕಿದಳು. ಮೂಗಿನ ಒಳಗೂಡುಗಳ ಬೇನೆ ಮಾತ್ರ ಜೀವಮಾನವಿಡೀ ಬಿಡಲಿಲ್ಲ.

ಅವಳ ಬಾಳಿನ ದಾರಿ ತಿರುಗಿದ್ದು 1920ರ ಡಿಸೆಂಬರ್ 28ರಂದು. ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ತಂದೆಯೊಡನೆ ವೈಮಾನಿಕ ಪ್ರದರ್ಶನಕ್ಕೆ ಹೋದವಳು ಹತ್ತು ಡಾಲರು ತೆತ್ತು ಹತ್ತು ನಿಮಿಷ ಆಕಾಶ ಸುತ್ತಿ ಬಂದಳು. ನೆಲ ಬಿಟ್ಟು ಕೆಲವು ನೂರು ಅಡಿ ಏರುವಷ್ಟರಲ್ಲಿಯೇ ತಾನು ಹಾರಲೇಬೇಕೆಂದು ನಿಶ್ಚಯಿಸಿಕೊಂಡಳು. ಶಿಕ್ಷಣಕ್ಕೆ ಹಣ ಬೇಕು; ಮನೆಯಲ್ಲಿ ಹಣವಿಲ್ಲ. ಟೆಲಿಫೋನ್ ಕಂಪನಿಯಲ್ಲಿ ದುಡಿದಳು, ಛಾಯಾಚಿತ್ರ ತೆಗೆದಳು, ಲಾರಿಯನ್ನೂ ಓಡಿಸಿದಳು. 1921ರ ಜನವರಿಯಲ್ಲಿ ನೀಟಾ ಸ್ನೂಕ್ ಎಂಬ ವೈಮಾನಿಕಿಯ ಬಳಿ ಪಾಠ ಮೊದಲಾಯಿತು. ಕೆಲವು ತಿಂಗಳಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನವೊಂದನ್ನು ಕೊಂಡಳು. 1922ರ ಅಕ್ಟೋಬರಿನಲ್ಲಿ 14,000 ಅಡಿಗೇರಿ ಹೆಂಗಸರಲ್ಲಿ ಎತ್ತರದ ದಾಖಲೆ ಸ್ಥಾಪಿಸಿದಳು. ಆದರೆ 1924ರಲ್ಲಿ ತಂದೆತಾಯಿಗಳ ವಿವಾಹ ಮುರಿಯಿತು. ವಿಮಾನವನ್ನು ಮಾರಿ, ಮೋಟಾರು ಕೊಂಡು, ತಾಯಿಯನ್ನು ಕೂರಿಸಿಕೊಂಡು ಖಂಡದ ಈ ತುದಿಯಿಂದ ಆ ತುದಿಯ ಬಾಸ್ಟನ್ನಿಗೆ ಹೋದಳು. ಅಲ್ಲಿ ಪರದೇಶಗಳಿಂದ ವಲಸೆ ಬಂದ ಬಡಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸೇವಾಸಂಸ್ಥೆಯೊಂದರಲ್ಲಿ ಸಣ್ಣ ಸಂಬಳಕ್ಕೆ ಸೇರಿಕೊಂಡಳು.

1928ರಲ್ಲಿ ಅವಳಿಗೆ ಅನಿರೀಕ್ಷಿತವಾದ ಕರೆಯೊಂದು ಬಂದಿತು: ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿದ ಮೊದಲ ಸ್ತ್ರೀಯಾಗಲು ಒಪ್ಪುವೆಯಾ ಎಂದು. ಜೂನ್ 17ರಂದು ಹೊರಟ ಆ ವಿಮಾನ 20 ಗಂಟೆ 40 ನಿಮಿಷಗಳಲ್ಲಿ ವೇಲ್ಸ್‌ನ ಬರಿ ಪೋರ್ಟನ್ನು ಮುಟ್ಟಿತು. ಲೋಕವೆಲ್ಲ ಅವಳನ್ನು ಕೊಂಡಾಡಿತು. ಅವಳಿಗೆ ಅದು ಸಹಿಸದಾಯಿತು. ಏಕೆಂದರೆ ವಿಮಾನವನ್ನು ನಡೆಸಿದವನು ವಿಲ್ಮರ್ ಸ್ಟಲ್ಟ್ಸ್. ಯಂತ್ರ ನೋಡಿಕೊಂಡವನು ಲೂಯಿ ಗಾರ್ಡನ್. ತಾನು ಮೂಟೆಯಂತೆ ಕುಳಿತಿದ್ದೆನೆಂಬುದನ್ನು ಅವಳು ಮುಚ್ಚಿಡಲಿಲ್ಲ. ಪಡೆದ ಕೀರ್ತಿಗೆ ತಕ್ಕ ಕೆಲಸವನ್ನು ಮಾಡಿ ತೀರಿಸಬೇಕೆಂಬುದೇ ಮುಂದಿನ ನಾಲ್ಕು ವರ್ಷ ಅವಳ ಹಂಬಲವಾಯಿತು. 1931ರಲ್ಲಿ ಪುಸ್ತಕ ಪ್ರಕಾಶಕ ಜಾರ್ಜ್ ಪುಟ್ನಮ್ಮನನ್ನು ಮದುವೆಯಾದಾಗಲೂ, ಮದುವೆಯ ದಿನವೇ ಅವನ ಕೈಗೆ ಪತ್ರವೊಂದನ್ನು ಕೊಟ್ಟು, ತನ್ನ ಕೆಲಸಕ್ಕೆ ಅಡ್ಡಬರಬಾರದೆಂದೂ ವರ್ಷದೊಳಗೆ ಇಬ್ಬರೂ ಸುಖ ಕಾಣದಿದ್ದರೆ ತನ್ನನ್ನು ಬಿಟ್ಟುಬಿಡಬೇಕೆಂದೂ ಕರಾರು ಮಾಡಿಕೊಂಡಳು. ಪುಟ್ನಮ್ ಒಪ್ಪಿದ, ಕೊನೆಯವರೆಗೂ ಅವಳ ಬೆಂಬಲಕ್ಕೆ ನಿಂತ.

ಸಾಲ ತೀರಿಸುವ ದಿನ 1932ರ ಮೇ 20ರಂದು ಬಂದಿತು. ನ್ಯೂಫೌಂಡ್‌ಲೆಂಡಿನ ಹಾರ್ಬರ್ ಗ್ರೇಸ್‌ನಿಂದ ಸಂಜೆ ಒಬ್ಬಳೇ ಹಾರಿದಳು. ರಾತ್ರಿಯಲ್ಲಿ ಎತ್ತರವನ್ನು ತೋರಿಸುವ ಮಾಪಕ ಕೆಟ್ಟಿತು. ಎಂಜಿನ್ನಿನ ಹೊಗೆಕೊಳವೆ ಬಿರುಕುಬಿಟ್ಟು ಬೆಂಕಿಯ ನಾಲಗೆ ಕಾಣಿಸಿತು. ಮೇಲೇರಿದರೆ ರೆಕ್ಕೆಗಳ ಮೇಲೆ ಮಂಜುಗಡ್ಡೆ ಕೂರುತ್ತಿತ್ತು. ಕೆಳಗಿಳಿದರೆ ಕತ್ತಲೆಯಲ್ಲಿ ಅಲೆಗಳಿಗೆ ತಾಗುವ ಭಯ. 14 ಗಂಟೆ 56 ನಿಮಿಷಗಳ ಮೇಲೆ ಉತ್ತರ ಐರ್ಲೆಂಡಿನ ಲಂಡನ್‌ಡೆರಿ ಸಮೀಪದ ಹುಲ್ಲುಗಾವಲೊಂದರಲ್ಲಿ, ದನಗಳ ನಡುವೆ, ವಿಮಾನವನ್ನಿಳಿಸಿದಳು. ಲಿಂಡ್‌ಬರ್ಗನ ತರುವಾಯ ಅಟ್ಲಾಂಟಿಕ್ಕನ್ನು ಒಂಟಿಯಾಗಿ ಒಂದೇ ಹಾರಾಟದಲ್ಲಿ ದಾಟಿದವಳು ಅವಳೇ. 1935ರ ಜನವರಿ 11ರಂದು ಹೊನೊಲುಲುವಿನಿಂದ ಹೊರಟು, 2,400 ಮೈಲಿಗಳ ಶಾಂತಸಾಗರವನ್ನು ಒಬ್ಬಳೇ ದಾಟಿ ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿಳಿದಳು. ಅದಕ್ಕೆ ಮೊದಲು ಆ ದಾರಿಯಲ್ಲಿ ಯಾವ ಗಂಡಸೂ ಒಂಟಿಯಾಗಿ ಹಾರಿರಲಿಲ್ಲ.

ಅದೇ ವರ್ಷ ಪರ್ಡ್ಯೂ ವಿಶ್ವವಿದ್ಯಾನಿಲಯ ಅವಳನ್ನು ವಿದ್ಯಾರ್ಥಿನಿಯರ ಸಲಹೆಗಾರಳನ್ನಾಗಿ ಕರೆಯಿತು. ಓದು ಮುಗಿದೊಡನೆ ಮದುವೆಯೊಂದೇ ಗತಿಯೆಂದು ತಿಳಿಯದೆ ವೃತ್ತಿಯನ್ನು ಹಿಡಿಯಿರೆಂದು ಅವಳು ಹುಡುಗಿಯರಿಗೆ ಬೋಧಿಸಿದಳು. ಆ ವಿದ್ಯಾಸಂಸ್ಥೆಯ ಮೂಲಕ ಕೂಡಿದ ನಿಧಿಯಿಂದಲೇ 1936ರಲ್ಲಿ ಅವಳಿಗೆ ಲಾಕ್‌ಹೀಡ್ ಎಲೆಕ್ಟ್ರಾ ಎಂಬ ಹೊಸ ವಿಮಾನ ದೊರೆಯಿತು. ಎರಡು ಎಂಜಿನ್ನು, ಒಂದೊಂದಕ್ಕೆ 600 ಅಶ್ವಶಕ್ತಿ. ರೆಕ್ಕೆಗಳ ಅಗಲ 55 ಅಡಿ. ಹತ್ತು ಜನ ಪ್ರಯಾಣಿಕರು ಕೂರುವ ಜಾಗದಲ್ಲಿ ಪೆಟ್ರೋಲಿನ ತೊಟ್ಟಿಗಳನ್ನು ತುಂಬಿದ್ದರು. ಅವುಗಳ ಹಿಂದೆ ಮಾರ್ಗದರ್ಶಿಯ ಮೇಜು. ಮುಂದಿದ್ದ ಅಮೇಲಿಯಾಳಿಗೂ ಹಿಂದಿದ್ದ ಮಾರ್ಗದರ್ಶಿಗೂ ಎಂಜಿನ್ನುಗಳ ಆರ್ಭಟದಲ್ಲಿ ಮಾತು ಕೇಳದು. ಬಿದಿರುಕೋಲಿನ ತುದಿಗೆ ಚೀಟಿ ಸಿಕ್ಕಿಸಿ ದಾಟಿಸುತ್ತಿದ್ದರು.

ಎರಡು ಎಂಜಿನ್ನಿದ್ದರೆ ಅಪಾಯ ಅರ್ಧವಾಯಿತೆಂದು ನಮಗೆ ತೋರಬಹುದು. ಕಡಲ ಹಾರಾಟದಲ್ಲಿ ಇದು ಪೂರ್ತಿ ನಿಜವಲ್ಲ. ದೂರ ಹೆಚ್ಚಿದಷ್ಟೂ ಇಂಧನ ಹೆಚ್ಚು ಬೇಕು. ಇಂಧನ ಹೆಚ್ಚಿದಷ್ಟೂ ವಿಮಾನ ಭಾರವಾಗುತ್ತದೆ. ಹೊರಟ ಮೊದಲ ಗಂಟೆಗಳಲ್ಲಿ ಒಂದು ಎಂಜಿನ್ನು ನಿಂತರೆ ಉಳಿದ ಒಂದು ಆ ಭಾರವನ್ನು ಹೊರಲಾರದು. ಸಾಕಷ್ಟು ಇಂಧನ ಉರಿದು ವಿಮಾನ ಹಗುರವಾದ ಮೇಲೆಯೇ ಎರಡನೆಯ ಎಂಜಿನ್ನು ನೆರವಾಗಬಲ್ಲದು. ಅಷ್ಟರಲ್ಲಿ ವಿಮಾನ ಕಡಲ ಮೇಲೆ ಬಹುದೂರ ಸಾಗಿರುತ್ತದೆ.

ಈ ವಿಮಾನದಲ್ಲಿ ಭೂಮಧ್ಯರೇಖೆಯ ಬಳಿಬಳಿಯಲ್ಲೇ ಜಗತ್ತನ್ನು ಸುತ್ತಬೇಕೆಂಬುದು ಅವಳ ಸಂಕಲ್ಪ. 1937ರ ಮಾರ್ಚಿಯಲ್ಲಿ ಪಶ್ಚಿಮಾಭಿಮುಖವಾಗಿ ಹೊರಟು ಹೊನೊಲುಲುವನ್ನು ಸೇರಿದಳು. ಅಲ್ಲಿಂದ ಮತ್ತೆ ಏರುವಾಗ ವಿಮಾನ ಓಡುಹಾದಿಯಲ್ಲೇ ಗಿರಕಿ ಹೊಡೆದು ಮುರಿಯಿತು. ದುರಸ್ತಿ ಮುಗಿಯುವಷ್ಟರಲ್ಲಿ ಋತು ಬದಲಾಗಿತ್ತು. ಆದುದರಿಂದ ಈ ಸಾರಿ ಪೂರ್ವಾಭಿಮುಖ ಮಾರ್ಗವನ್ನು ಹಿಡಿದಳು. ಮೊದಲು ಜೊತೆಗಿದ್ದ ರೇಡಿಯೋ ನಿಪುಣ ಹ್ಯಾರಿ ಮ್ಯಾನಿಂಗ್ ಬಿಟ್ಟುಹೋಗಿದ್ದ. ಉಳಿದವನು ಮಾರ್ಗದರ್ಶಿ ಫ್ರೆಡ್ ನೂನನ್. ಕೆಳಮಟ್ಟದ ಕಂಪನಾಂಕಗಳಿಗೆ ಬೇಕಾದ ಉದ್ದನೆಯ ತೂಗುತಂತಿಯನ್ನೂ ಅಮೆರಿಕ ಬಿಡುವ ಮೊದಲೇ ತೆಗೆಸಿದ್ದರು.

ಜೂನ್ 1ರಂದು ಮಯಾಮಿಯನ್ನು ಬಿಟ್ಟು ದಕ್ಷಿಣ ಅಮೆರಿಕದ ಅಂಚನ್ನು ಹಿಡಿದು ಬ್ರೆಜಿಲಿನ ನಟಾಲ್ ಸೇರಿದರು. ಅಲ್ಲಿಂದ ಅಟ್ಲಾಂಟಿಕ್ಕನ್ನು ದಾಟಿ ಆಫ್ರಿಕದ ದಾಕಾರಿನಲ್ಲಿ ಇಳಿಯಬೇಕಾಗಿತ್ತು. ಕರಾವಳಿಯೇನೋ ಕಂಡಿತು, ಆದರೆ ಅವರು ಇಳಿದದ್ದು ನೂರಕ್ಕೂ ಹೆಚ್ಚು ಮೈಲಿ ಉತ್ತರದ ಸೇಂಟ್ ಲೂಯಿಯಲ್ಲಿ. ಎದುರಿಗಿದ್ದದ್ದು ಒಂದು ಖಂಡವಾದುದರಿಂದ ಆ ತಪ್ಪಿನಿಂದ ಏನೂ ಕೆಡಲಿಲ್ಲ. ಆಫ್ರಿಕವನ್ನು ಅಡ್ಡಹಾಯ್ದು, ಕೆಂಪು ಸಮುದ್ರದ ಅಸ್ಸಾಬಿನಿಂದ ನೇರವಾಗಿ ಅವಿಭಕ್ತ ಭಾರತದ ಕರಾಚಿಗೆ ಹಾರಿದರು. ಆ ದಾರಿಯನ್ನು ಎಲ್ಲೂ ನಿಲ್ಲದೆ ಹಾರಿದವರು ಅದುವರೆಗೆ ಯಾರೂ ಇರಲಿಲ್ಲ. ಕರಾಚಿಯಲ್ಲಿ ಒಂಟೆ ಸವಾರಿ ಮಾಡಿ ನಕ್ಕ ಅಮೇಲಿಯಾ ಕಲಕತ್ತೆಗೆ ಬಂದದ್ದು ಜೂನ್ 17ರಂದು. ಮುಂಗಾರು ಹಿಡಿದಿತ್ತು. ಮಳೆನೀರು ನಿಂತ ಡಮ್‌ಡಮ್ ಮೈದಾನದ ಕೆಸರಿನಿಂದ ತುಂಬಿದ ವಿಮಾನ ಬಹುಪ್ರಯಾಸದಿಂದ ಎದ್ದು ಅಂಚಿನ ಮರಗಳ ತಲೆಯ ಮೇಲೆ ಹಾದುಹೋಯಿತು. ಬರ್ಮದ ಅಕ್ಯಾಬಿನಿಂದ ಮುಂದೆ ಹಾರಿದಾಗ ಮಳೆ ರೆಕ್ಕೆಗಳಂಚಿನ ಬಣ್ಣವನ್ನೇ ಕಿತ್ತುಹಾಕಿ ಅವರನ್ನು ಹಿಂದಕ್ಕಟ್ಟಿತು. ಮರುದಿನ ರಂಗೂನನ್ನು ಮುಟ್ಟಿದರು. ಸಿಂಗಪುರ, ಜಾವಾ, ಆಸ್ಟ್ರೇಲಿಯದ ಡಾರ್ವಿನ್ ದಾಟಿ ಜೂನ್ 29ರಂದು ನ್ಯೂಗಿನಿಯ ಲೇ ಪಟ್ಟಣಕ್ಕೆ ಬಂದಾಗ 22,000 ಮೈಲಿ ಮುಗಿದಿತ್ತು. ಉಳಿದದ್ದು 7,000 ಮೈಲಿ; ಅದೆಲ್ಲವೂ ನೀರು.

ಮುಂದಿನ ತಂಗುದಾಣ ಹೌಲೆಂಡ್ ದ್ವೀಪ. ಲೇಯಿಂದ ಸುಮಾರು 2,550 ಮೈಲಿ. ಉದ್ದ ಒಂದೂವರೆ ಮೈಲಿ, ಅಗಲ ಅರ್ಧ ಮೈಲಿ, ನೀರಿನಿಂದ ಎತ್ತರ ಇಪ್ಪತ್ತಡಿಯಷ್ಟೂ ಇಲ್ಲ. ದಿಕ್ಕಿನಲ್ಲಿ ಒಂದು ಅಂಶ ತಪ್ಪಿದರೆ ಅರವತ್ತು ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಸರಿಯುತ್ತದೆ. ಈ ದೂರಕ್ಕೆ ಅದು ನಲವತ್ತು ಮೈಲಿಗೂ ಮಿಕ್ಕುತ್ತದೆ. ಆಫ್ರಿಕದಲ್ಲಿ ಕ್ಷಮೆ ದೊರೆತ ತಪ್ಪಿಗೆ ಇಲ್ಲಿ ಕ್ಷಮೆಯಿಲ್ಲ.

ಜುಲೈ 2ರ ಬೆಳಿಗ್ಗೆ ಹತ್ತು ಗಂಟೆಗೆ ಸುಮಾರು 1,100 ಗ್ಯಾಲನ್ ಇಂಧನ ಹೊತ್ತು ವಿಮಾನ ಹೊರಟಿತು. ಆ ಇಂಧನದ ತೂಕವೇ 6,600 ಪೌಂಡು, ಎಂದರೆ ಖಾಲಿ ವಿಮಾನದ ತೂಕಕ್ಕೆ ಬಹುಮಟ್ಟಿಗೆ ಸಮ. ಓಡುಹಾದಿಯ ಕೊನೆಯಲ್ಲಿ ಸಮುದ್ರ. ವಿಮಾನ ಅಂಚನ್ನು ದಾಟಿ, ನೀರಿನತ್ತ ಕುಸಿದು, ಮೆಲ್ಲಮೆಲ್ಲನೆ ಮೇಲೆದ್ದಿತು. ಹಗಲು ಕಳೆಯಿತು, ರಾತ್ರಿ ಕಳೆಯಿತು. ದಿನಾಂಕರೇಖೆಯನ್ನು ದಾಟಿದ್ದರಿಂದ ಹೌಲೆಂಡಿನಲ್ಲಿ ಮತ್ತೆ ಜುಲೈ 2ರ ಬೆಳಗು.

ದ್ವೀಪದ ಬಳಿ ಇಟಾಸ್ಕಾ ಎಂಬ ಅಮೆರಿಕದ ರಕ್ಷಣಾ ನೌಕೆ ಕಾದಿತ್ತು, ಗುರುತಿಗಾಗಿ ಹೊಗೆಯುಗುಳುತ್ತಿತ್ತು. ಅಮೇಲಿಯಾಳ ದನಿ ನೌಕೆಯವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರ ಮಾತು ಅವಳಿಗೆ ಕೇಳಲಿಲ್ಲ. ಅವಳು ಬಳಸಿದ ಕಂಪನಾಂಕದಲ್ಲಿ ನೌಕೆಯ ದಿಕ್ಕುಶೋಧಕ ಕೆಲಸ ಮಾಡದು; ನೌಕೆ ಬಯಸಿದ ಕಂಪನಾಂಕದಲ್ಲಿ ಪ್ರಸಾರ ಮಾಡಲು ವಿಮಾನದಲ್ಲಿ ತಕ್ಕ ತಂತಿಯಿಲ್ಲ. ಮೋರ್ಸ್ ಸಂಕೇತದಲ್ಲಿ ಅವರಿಬ್ಬರಿಗೂ ಸಾಕಷ್ಟು ಪಳಗಿಕೆಯಿರಲಿಲ್ಲ. 7 ಗಂಟೆ 42 ನಿಮಿಷಕ್ಕೆ, ತಾವು ನೌಕೆಯ ಮೇಲೆಯೇ ಇರಬೇಕು, ಆದರೆ ಕಾಣುತ್ತಿಲ್ಲ, ಇಂಧನ ಮುಗಿಯುತ್ತ ಬಂದಿದೆ ಎಂಬರ್ಥದ ವಾರ್ತೆ ಬಂದಿತು. 8 ಗಂಟೆ 43 ನಿಮಿಷಕ್ಕೆ, ತಾವು ಒಂದು ರೇಖೆಯ ಮೇಲೆ ಉತ್ತರ ದಕ್ಷಿಣವಾಗಿ ಹಾರುತ್ತಿರುವುದಾಗಿ ತಿಳಿಸಿದಳು. ಉದಯಸೂರ್ಯನನ್ನು ಅಳೆದು ಮಾರ್ಗದರ್ಶಿ ಇಂಥ ಒಂದು ರೇಖೆಯನ್ನು ಮಾತ್ರ ಪಡೆಯಬಲ್ಲ. ದ್ವೀಪದ ಮೇಲೆ ಹಾಯುವ ರೇಖೆಗೆ ಬಂದೆವೆಂದು ಅವನಿಗೆ ಗೊತ್ತಾಗುತ್ತದೆ. ದ್ವೀಪ ಬಲಕ್ಕಿದೆಯೋ ಎಡಕ್ಕಿದೆಯೋ ಗೊತ್ತಾಗುವುದಿಲ್ಲ. ಮೈನಾಕ ಮೇಲೇಳಲಿಲ್ಲ. ಅಲ್ಲಿಂದಾಚೆಗೆ ನೌಕೆಯವರಿಗೆ ಅವಳ ವಾರ್ತೆ ಬರಲಿಲ್ಲ.

ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ನೌಕೆಯೂ ಸೇರಿದಂತೆ ಹಡಗುಗಳೂ ವಿಮಾನಗಳೂ ಎರಡೂವರೆ ಲಕ್ಷ ಚದರ ಮೈಲಿ ಕಡಲನ್ನು ಜಾಲಾಡಿದವು. ಜುಲೈ 19ರಂದು ಶೋಧ ನಿಂತಿತು. 1939ರ ಜನವರಿ 5ರಂದು ನ್ಯಾಯಾಲಯ ಅವಳು ಮೃತಳೆಂದು ಘೋಷಿಸಿತು. ಇಂಧನ ತೀರಿ ಹೌಲೆಂಡಿನ ಬಳಿಯೇ ಮುಳುಗಿದರೆಂದು ಹಲವರ ಅಭಿಪ್ರಾಯ. ಆಗ್ನೇಯಕ್ಕಿರುವ ನಿಕುಮರೋರೋ ದ್ವೀಪದಲ್ಲಿ ಇಳಿದು ನೀರಡಿಕೆಯಿಂದ ಸತ್ತರೆಂದು ಕೆಲವರ ವಾದ. ಜಪಾನೀಯರ ಕೈಗೆ ಸಿಕ್ಕರೆಂದು ಇನ್ನು ಕೆಲವರ ಊಹೆ. 2024ರಲ್ಲಿ ಸಾಗರತಳದಲ್ಲಿ ವಿಮಾನದಾಕಾರದ ನೆರಳೊಂದು ಕಂಡು ಲೋಕವೆಲ್ಲ ಕುತೂಹಲಗೊಂಡಿತು. ಕೊನೆಗೆ ಅದು ಬಂಡೆಯೆಂದು ತಿಳಿಯಿತು.

ಧೈರ್ಯವನ್ನು ಹೊಗಳುವುದು ಸುಲಭ. ಆದರೆ ಅಮೇಲಿಯಾಳ ಧೈರ್ಯದಲ್ಲಿ ಕೊರತೆಯಿದ್ದು ಅವಳು ಸೋತಳೆಂದು ಯಾರೂ ಹೇಳಲಾರರು. ಕೊರತೆಯಿದ್ದದ್ದು ಒಂದು ತಂತಿಯಲ್ಲಿ, ಒಂದು ಸಂಕೇತದ ಅಭ್ಯಾಸದಲ್ಲಿ, ನೌಕೆಗೂ ವಿಮಾನಕ್ಕೂ ಮೊದಲೇ ಆಗಬೇಕಾಗಿದ್ದ ಸರಿಯಾದ ಒಪ್ಪಂದದಲ್ಲಿ. ದೊಡ್ಡ ಸಾಹಸಕ್ಕೆ ಇಂಥ ಚಿಕ್ಕ ಸಿದ್ಧತೆಗಳೇ ಬುನಾದಿ. ಹಾಗೆಂದು ಅವಳು ಹೊರಡಬಾರದಿತ್ತೆಂದು ಹೇಳುವುದೂ ನ್ಯಾಯವಲ್ಲ. ತಾನು ಸೋತರೂ ಆ ಸೋಲು ಬೇರೆ ಹೆಂಗಸರನ್ನು ಮುಂದಕ್ಕೆ ಕರೆಯಬೇಕೆಂಬುದು ಅವಳ ಆಶಯವಾಗಿತ್ತು. ಆ ಕರೆ ವ್ಯರ್ಥವಾಗಲಿಲ್ಲ. 1964ರಲ್ಲಿ ಜೆರಿ ಮಾಕ್ ಎಂಬ ಅಮೆರಿಕದ ಗೃಹಿಣಿ ಒಂಟಿಯಾಗಿ ಜಗತ್ತನ್ನು ಸುತ್ತಿ ಬಂದಳು. 1967ರ ಜುಲೈ 2ರಂದು ಆನ್ ಪೆಲೆಗ್ರೆನೋ ಎಂಬಾಕೆ ಅದೇ ಬಗೆಯ ಎರಡು ಎಂಜಿನ್ನಿನ ಲಾಕ್‌ಹೀಡ್ ವಿಮಾನದಲ್ಲಿ ಹೌಲೆಂಡನ್ನು ತಲುಪಿ, ಆ ಪುಟ್ಟ ದ್ವೀಪದ ಮೇಲೆ ಹೂವಿನ ಹಾರವೊಂದನ್ನು ಇಳಿಬಿಟ್ಟು, ಮುಂದಕ್ಕೆ ಹಾರಿದಳು.