ಮಂಡಿಗೆ ಬಲ ತಂದ ಹೇ ಗ್ರೋವ್ಸ್

ಆಟದ ಮೈದಾನದಲ್ಲಿ ಎಡವಿಯೋ, ದ್ವಿಚಕ್ರ ವಾಹನದಿಂದ ಬಿದ್ದೋ ಮಂಡಿ ತಿರುಚಿಕೊಂಡವರಿಗೆ ಎಸಿಎಲ್ ಎಂಬ ಹೆಸರು ಅಪರಿಚಿತವಲ್ಲ. ತೊಡೆಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಕೀಲಿನ ನಡುವೆ ಓರೆಯಾಗಿ ಬಿಗಿದಿಡುವ ಅಸ್ಥಿರಜ್ಜು ಅದು. ಅದು ಹರಿದರೆ ನಡೆಯುವಾಗಲೇ ಮಂಡಿ ಜಾರಿ ಕುಸಿಯಬಹುದು. ಈ ರಜ್ಜುವಿನ ಮರುನಿರ್ಮಾಣಕ್ಕೆ ತಳಹದಿ ಹಾಕಿದ ಪ್ರಮುಖರಲ್ಲಿ ಅರ್ನೆಸ್ಟ್ ವಿಲಿಯಂ ಹೇ ಗ್ರೋವ್ಸ್ ಒಬ್ಬರು. 1872ರಲ್ಲಿ ಅವರು ಜನಿಸಿದ್ದು ಭಾರತದಲ್ಲಿ.

ಇಂಗ್ಲೆಂಡಿನ ಬ್ರಿಸ್ಟಲ್ ಪರಿಸರದಲ್ಲಿ ಸಾಮಾನ್ಯ ವೈದ್ಯರಾಗಿ ದುಡಿಮೆ ಆರಂಭಿಸಿದ ಅವರು ಮುಂದೆ ಅಲ್ಲಿನ ಜನರಲ್ ಆಸ್ಪತ್ರೆಯ ಶಸ್ತ್ರವೈದ್ಯರಾದರು. 1913ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸರ್ಜರಿ’ ಆರಂಭಿಸಲು ಶ್ರಮಿಸಿ, ದೀರ್ಘಕಾಲ ಅದರ ಸಂಪಾದಕೀಯ ಹೊಣೆ ಹೊತ್ತರು. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಈಜಿಪ್ಟಿನಲ್ಲೂ ಸೇವೆ ಸಲ್ಲಿಸಿದರು. 1916ರಲ್ಲಿ ಪ್ರಕಟವಾದ ಅವರ ಗ್ರಂಥ ಮೂಳೆಮುರಿತದ ಚಿಕಿತ್ಸೆಗೆ ಮೀಸಲಾಗಿತ್ತು.

ಅದಕ್ಕೂ ಮುನ್ನ, 1895ರಲ್ಲಿ, ಲೀಡ್ಸ್ ನಗರದ ಮೇಯೋ ರಾಬ್ಸನ್ ಗಣಿ ಕಾರ್ಮಿಕನೊಬ್ಬನ ಹರಿದ ರಜ್ಜುಗಳನ್ನು ಹೊಲಿದಿದ್ದರು. ಆದರೆ ಹಳೆಯ ಗಾಯಗಳಲ್ಲಿ ಹೊಲಿಗೆ ಹಿಡಿಯುವಷ್ಟು ರಜ್ಜು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಹೇ ಗ್ರೋವ್ಸ್ ಬೇರೆ ದಾರಿ ಹಿಡಿದರು. ತೊಡೆಯ ಹೊರಬದಿಯ ಗಟ್ಟಿ ಪೊರೆಯಿಂದ ಪಟ್ಟಿಯೊಂದನ್ನು ಬಿಡಿಸಿ, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು, ಅದನ್ನು ಆ ಮೂಲಕ ಹಾಯಿಸಿ ಬಿಗಿದರು. 1917ರಲ್ಲಿ ಈ ವಿಧಾನ ಪ್ರಕಟವಾಯಿತು. 1920ರಲ್ಲಿ 14 ರೋಗಿಗಳ ವಿವರ ಮುಂದಿಟ್ಟಾಗ, ಹೊಸ ರಜ್ಜು ಮೂಲ ರಜ್ಜುವಿನ ಓರೆಯನ್ನೇ ಅನುಸರಿಸಬೇಕೆಂಬ ತತ್ತ್ವವನ್ನೂ ಪ್ರತಿಪಾದಿಸಿದರು. ಗುಣ ಕಂಡವರ ಜೊತೆಗೆ ಪ್ರಯೋಜನ ಕಾಣದವರನ್ನೂ ಲೆಕ್ಕಕ್ಕೆ ಸೇರಿಸಿದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಬ್ರಿಟಿಷ್ ಆರ್ಥೊಪೀಡಿಕ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿ ಗೌರವ ಪಡೆದ ಅವರು 1944ರಲ್ಲಿ ನಿಧನರಾದರು.

ಮುಂದಿನ ಪೀಳಿಗೆಗಳು ಆ ತತ್ತ್ವಕ್ಕೆ ಸದಾ ನಿಷ್ಠವಾಗಿರಲಿಲ್ಲ. 1963ರಲ್ಲಿ ಕೆನೆತ್ ಜೋನ್ಸ್ ಮಂಡಿಚಿಪ್ಪಿನ ಸ್ನಾಯುರಜ್ಜುವನ್ನು ಬಳಸಿದ್ದು ಮುನ್ನಡೆಯೇ ಸರಿ. ಆದರೆ 1980ರ ದಶಕದಲ್ಲಿ ಅನೇಕರು ಕೃತಕ ರಜ್ಜುಗಳಿಗೆ ಮಾರುಹೋದರು. ಬೇಗ ಚೇತರಿಕೆಯ ಆಸೆ ತೋರಿದ ಅವುಗಳಲ್ಲಿ ಹಲವು ಸವೆದವು, ತುಂಡಾದವು. ಕೀಲಿನೊಳಗೆ ಉರಿಯೂತ ಉಂಟುಮಾಡಿದವು. ಇಂದು ಕೀಲಿನೊಳಗೆ ಸಣ್ಣ ರಂಧ್ರದಿಂದ ಇಳಿಯುವ ಆರ್ಥ್ರೊಸ್ಕೋಪ್ ನೆರವಿದೆ. ಆದರೂ ಶಸ್ತ್ರವೈದ್ಯರು ಹೆಚ್ಚಾಗಿ ನೆಚ್ಚುವುದು ರೋಗಿಯ ದೇಹದ್ದೇ ಆದ ಸ್ನಾಯುರಜ್ಜುವನ್ನು ಹಾಗೂ ಮೂಲಸ್ಥಾನದಲ್ಲಿ ಕೊರೆದ ಸುರಂಗವನ್ನು. ಜಗತ್ತು ಸುತ್ತಿ ಬಳಸಿ ಬ್ರಿಸ್ಟಲ್ಲಿಗೇ ಮರಳಿದಂತಾಗಿದೆ.

ಎಲ್ಲ ಹರಿತಕ್ಕೂ ಶಸ್ತ್ರಚಿಕಿತ್ಸೆಯೇ ಬೇಕೆಂದಿಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ 121 ಕ್ರಿಯಾಶೀಲ ಯುವಜನರಿದ್ದರು. ವ್ಯಾಯಾಮದಿಂದ ಆರಂಭಿಸಿ, ಅಗತ್ಯ ಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಗೆ ಒಳಗಾದವರಿಗಿಂತ, ಮೊದಲಿಗೇ ಅದಕ್ಕೆ ಒಳಗಾದವರು ಎರಡು ವರ್ಷಗಳ ಬಳಿಕ ಹೆಚ್ಚು ಲಾಭ ಪಡೆದಿರಲಿಲ್ಲ. ಹೊಸತನದ ಆಕರ್ಷಣೆಗಿಂತ ಫಲಿತಾಂಶದ ಪೂರ್ಣ ಲೆಕ್ಕ ಮುಖ್ಯ ಎಂಬ ವಿವೇಕ ಇಲ್ಲಿದೆ. ಹೇ ಗ್ರೋವ್ಸ್ ತಮ್ಮ 14 ರೋಗಿಗಳ ವಿಷಯದಲ್ಲಿ ಪಾಲಿಸಿದ್ದೂ ಅದನ್ನೇ. ಶಸ್ತ್ರಚಿಕಿತ್ಸೆಯ ಸಲಹೆ ಪಡೆದ ಪ್ರತಿಯೊಬ್ಬರೂ ತಮ್ಮ ವೈದ್ಯರಿಂದ ಅಂಥ ಲೆಕ್ಕವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.